ಸಹಾಯ ಬೇಕು: ಬಾತುಕೋಳಿ ಮೊಟ್ಟೆ 25ನೇ ದಿನ, ತೇವ ಏರುತ್ತಲೇ ಇಲ್ಲ

ಎಲ್ಲರಿಗೂ ನಮಸ್ಕಾರ, ಚಳ್ಳಕೆರೆಯಿಂದ ಬರೆಯುತ್ತಿದ್ದೇನೆ. ಹರಿಹರದ ಕಡೆಯಿಂದ ತಂದ 12 ಬಾತುಕೋಳಿ ಮೊಟ್ಟೆ ಇನ್‌ಕ್ಯುಬೇಟರ್‌ಗೆ ಇಟ್ಟು ಇವತ್ತಿಗೆ 25 ದಿನ. ಶಾಖ 37.5 ಡಿಗ್ರಿ, ಅದು ಸರಿ ಇದೆ. ತಲೆನೋವು ತೇವದ್ದು. ನಮ್ಮ ಕಡೆ ಗಾಳಿ ಗೊತ್ತಲ್ವಾ, ಒಗೆದು ಹಾಕಿದ ಬಟ್ಟೆ ತಿರುಗಿ ನೋಡೋದರೊಳಗೆ ಗರಿಗರಿ. ಇಷ್ಟು ದಿನ ತೇವ ಶೇಕಡಾ 55ರ ಹತ್ತಿರ ಹೇಗೋ ತಳ್ಳಿದೆ, ಈಗ ಕೊನೆಯ ಮೂರು ದಿನಕ್ಕೆ 70 ಬೇಕು, ಬಟ್ಟಲಲ್ಲಿ ನೀರು, ಜೊತೆಗೆ ಒದ್ದೆ ಸ್ಪಂಜು ಎರಡೂ ಇಟ್ಟರೂ 60 ದಾಟುತ್ತಿಲ್ಲ.

ಮೂರು ಮೊಟ್ಟೆ ಮೊದಲೇ ಕೆಟ್ಟವು, ತೆಗೆದೆ. ನಿನ್ನೆ ರಾತ್ರಿ ಲೈಟ್ ಆರಿಸಿ ಟಾರ್ಚ್ ಹಿಡಿದು ನೋಡಿದರೆ ಉಳಿದ 9 ಒಳಗೆ ಕಪ್ಪಗೆ ತುಂಬಿವೆ. ಒಂದರಲ್ಲಿ ದಪ್ಪ ತುದಿಯ ಗಾಳಿ ಜಾಗದ ಹತ್ತಿರ ಸಣ್ಣ ನೆರಳು ಅಲುಗಿತು, ಕೊಕ್ಕೇ ಇರಬೇಕು! ಇವತ್ತಿನಿಂದ ತಿರುಗಿಸೋದು ನಿಲ್ಲಿಸಿದ್ದೇನೆ.

ಇನ್‌ಕ್ಯುಬೇಟರ್‌ನ ಗಾಳಿ ತೂತು ಅರ್ಧ ಮುಚ್ಚು ಅಂತಾರೆ ಪಕ್ಕದ ಮನೆಯವರು. ಮರಿಗೆ ಉಸಿರು ಕಟ್ಟಲ್ವಾ? ಬಟ್ಟಲಿಗೆ ಬಿಸಿನೀರು ಹಾಕಬಹುದಾ? ಕೋಳಿ ಮರಿ ಮಾಡಿಸಿದ್ದೇನೆ, ಅದು 21 ದಿನದ ಕೆಲಸ, ಬಾತು ಇದೇ ಮೊದಲು. ಸುಮ್ನೆ ಊಹೆ ಬೇಡ, ಮಾಡಿಸಿದವರು ಬೇಗ ಹೇಳಿ ಪ್ಲೀಸ್.