ವಿದ್ಯುತ್ ವ್ಯಾನ್‌ನಲ್ಲಿ ಚಾಲಕರು ದಿನವೂ ನೋಡಬೇಕಾದ್ದು ಯಾವುದು, ಮುಟ್ಟಲೇಬಾರದ್ದು ಯಾವುದು?

ಸಾಗಣೆ ಉಸ್ತುವಾರಿ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಡೀಸೆಲ್ ವ್ಯಾನ್‌ಗಳಲ್ಲಿ ಸರಕು ಸಾಗಿಸುತ್ತಿದ್ದ ನಮ್ಮ ಘಟಕಕ್ಕೆ ಈಗ ವಿದ್ಯುತ್ ವ್ಯಾನ್‌ಗಳು ಬಂದಿವೆ. ಚಾಲಕರು ಬೆಳಿಗ್ಗೆ ಗಾಡಿ ಹೊರಡಿಸುವ ಮೊದಲು ಮಾಡಬೇಕಾದ ತಪಾಸಣೆಯ ಕ್ರಮವನ್ನು ಹೊಸದಾಗಿ ಬರೆಯುವ ಜವಾಬ್ದಾರಿ ನನ್ನ ಮೇಲಿದೆ. ಹಳೆಯ ಪಟ್ಟಿಯಿಂದ ಎಂಜಿನ್ ಆಯಿಲ್, ಫ್ಯಾನ್ ಬೆಲ್ಟ್, ಡೀಸೆಲ್ ಫಿಲ್ಟರ್, ಕ್ಲಚ್ ಇವುಗಳನ್ನೆಲ್ಲ ಹೊಡೆದುಹಾಕಿದ ಮೇಲೆ ಅದರಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಅದನ್ನು ಕಂಡು ಕೆಲವು ಚಾಲಕರು ಈ ಗಾಡಿಗೆ ಆರೈಕೆಯೇ ಬೇಡ ಎನ್ನುತ್ತಿದ್ದಾರೆ. ಇನ್ನು ಕೆಲವರು ವಾಷರ್ ನೀರು ತುಂಬಿಸಲು ಬಾನೆಟ್ ಎತ್ತುವುದಕ್ಕೂ ಹಿಂಜರಿಯುತ್ತಿದ್ದಾರೆ. ಇಬ್ಬರಿಗೂ ಸರಿಯಾದ ತಿಳಿವಳಿಕೆ ಕೊಡಬೇಕೆಂಬುದು ನನ್ನ ಉದ್ದೇಶ.

ಮುಖ್ಯವಾಗಿ ಮೂರು ವಿಷಯಗಳಲ್ಲಿ ತಮ್ಮೆಲ್ಲರ ಸಲಹೆ ಬೇಕು. ಚಾಲಕರು ತಾವೇ ನೋಡಿಕೊಳ್ಳಬಹುದಾದ ಕೆಲಸಗಳಿಗೂ ತರಬೇತಿ ಪಡೆದ ಮೆಕ್ಯಾನಿಕ್‌ಗೇ ಬಿಡಬೇಕಾದ ಕೆಲಸಗಳಿಗೂ ಗಡಿ ಎಲ್ಲಿದೆ? ಗೋಡೆಗೆ ಅಳವಡಿಸುವ ಚಾರ್ಜರ್ ಬರುವವರೆಗೆ, ವ್ಯಾನ್ ಜೊತೆಗೆ ಬಂದಿರುವ ಕೇಬಲ್ಲನ್ನು ಸಾಮಾನ್ಯ ಸಾಕೆಟ್‌ಗೆ ಎಕ್ಸ್‌ಟೆನ್ಷನ್ ವೈರ್ ಮೂಲಕ ಸೇರಿಸಿ ರಾತ್ರಿಯಿಡೀ ಚಾರ್ಜ್ ಮಾಡಬಹುದೇ, ಮಳೆ ಬಂದರೆ ಏನು ಮಾಡಬೇಕು? ಕೊನೆಯದಾಗಿ, ಸರಕಿನ ಭಾಗದಲ್ಲಿ ಕಬ್ಬಿಣದ ರ್‍ಯಾಕ್ ನಿಲ್ಲಿಸಿ ನೆಲಕ್ಕೆ ಬೋಲ್ಟ್ ಹಾಕಿಸಬೇಕೆಂದಿದ್ದೇವೆ. ಡೀಸೆಲ್ ವ್ಯಾನ್‌ಗಳಲ್ಲಿ ಹೀಗೆಯೇ ಮಾಡಿಸಿದ್ದೆವು. ಇದರಲ್ಲೂ ಹಾಗೆಯೇ ಮಾಡಿಸಬಹುದೇ?

ಗ್ಯಾರೇಜ್ ಕೆಲಸ

ನಮಸ್ಕಾರ. ತಾವು ಕೊನೆಯಲ್ಲಿ ಕೇಳಿರುವ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ತಡೆಯಬೇಕಾದ ಕೆಲಸ. ದಯವಿಟ್ಟು ನೆಲಕ್ಕೆ ಡ್ರಿಲ್ ಹಾಕಿಸಬೇಡಿ. ಬಹುತೇಕ ವಿದ್ಯುತ್ ವ್ಯಾನ್‌ಗಳಲ್ಲಿ ಮುಖ್ಯ ಬ್ಯಾಟರಿ ಇರುವುದು ಸರಕಿನ ನೆಲದ ಕೆಳಗೇ. ಅದರ ಕೇಬಲ್‌ಗಳೂ ತಂಪುಗೊಳಿಸುವ ದ್ರವದ ಕೊಳವೆಗಳೂ ಅಲ್ಲೇ ಹಾಯ್ದುಹೋಗಿರುತ್ತವೆ. ಡ್ರಿಲ್ಲಿನ ಮೊನೆಯಾಗಲಿ ಉದ್ದನೆಯ ಸ್ಕ್ರೂ ಆಗಲಿ ಬ್ಯಾಟರಿಯ ಕವಚವನ್ನು ತೂತು ಮಾಡಿದರೆ ಒಳಗಿನ ಸೆಲ್‌ಗಳಲ್ಲಿ ಶಾರ್ಟ್ ಆಗಿ ಬೆಂಕಿಯೇ ಹತ್ತಬಹುದು. ಆ ಕ್ಷಣದಲ್ಲಿ ಏನೂ ಆಗದಿದ್ದರೂ, ಆ ತೂತಿನಿಂದ ನೀರಿನ ಪಸೆ ಒಳಗೆ ಸೇರಿ ತಿಂಗಳುಗಳ ನಂತರ ತೊಂದರೆ ಕೊಡಬಹುದು. ಪ್ರತಿ ಮಾದರಿಗೂ ತಯಾರಕರು ಬಾಡಿ ಕಟ್ಟುವವರಿಗೆಂದೇ ಒಂದು ಕೈಪಿಡಿ ಕೊಟ್ಟಿರುತ್ತಾರೆ. ಎಲ್ಲಿ ಬೋಲ್ಟ್ ಹಾಕಬಹುದು, ಎಷ್ಟು ಉದ್ದದ್ದು ಹಾಕಬಹುದು, ಎಲ್ಲಿ ಡ್ರಿಲ್ ಕೂಡದು ಎಂಬುದು ಅದರಲ್ಲಿರುತ್ತದೆ. ಸರಕು ಕಟ್ಟಲು ಇರುವ ಕೊಂಡಿಗಳು, ಗೋಡೆಯ ಬದಿಯಲ್ಲಿ ಮೊದಲೇ ಥ್ರೆಡ್ ಹೊಡೆದಿರುವ ಜಾಗಗಳು ಇವುಗಳಿಗೆ ರ್‍ಯಾಕನ್ನು ಹೊಂದಿಸುವುದು ಒಳ್ಳೆಯದು. ರ್‍ಯಾಕಿನ ತೂಕವೂ ಸರಕಿನ ಲೆಕ್ಕಕ್ಕೇ ಸೇರುತ್ತದೆ ಎಂಬುದನ್ನು ಮರೆಯಬಾರದು. ಬ್ಯಾಟರಿಯೇ ಭಾರವಾದ್ದರಿಂದ, ಅಷ್ಟೇ ಗಾತ್ರದ ಡೀಸೆಲ್ ವ್ಯಾನ್ ಹೊರುತ್ತಿದ್ದಷ್ಟು ಸರಕನ್ನು ಇದು ಕಾನೂನುಬದ್ಧವಾಗಿ ಹೊರಲಾಗದೆ ಇರಬಹುದು. ನೋಂದಣಿ ಪತ್ರದಲ್ಲಿರುವ ಒಟ್ಟು ತೂಕದ ಮಿತಿಯನ್ನು ನೋಡಿಕೊಳ್ಳಿ.

ಇನ್ನು ಗಡಿಯ ವಿಷಯ. ಕಿತ್ತಳೆ ಬಣ್ಣದ ಹೊದಿಕೆಯ ಕೇಬಲ್‌ಗಳು ಮತ್ತು ಅವು ಹೋಗಿ ಸೇರುವ ಭಾಗಗಳು, ಅಂದರೆ ಬ್ಯಾಟರಿ, ಇನ್ವರ್ಟರ್ (ಬ್ಯಾಟರಿಯ ವಿದ್ಯುತ್ತನ್ನು ಮೋಟರ್‌ಗೆ ಬೇಕಾದ ರೂಪಕ್ಕೆ ತರುವ ಭಾಗ), ಮೋಟರ್, ಒಳಗಿನ ಚಾರ್ಜರ್, ಎಸಿ ಕಂಪ್ರೆಸರ್, ಹೀಟರ್, ಇವು ಯಾವುವನ್ನೂ ಚಾಲಕರು ಬಿಚ್ಚುವಂತಿಲ್ಲ. ವಾಹನ ಸುರಕ್ಷತೆಯ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಡಿಸಿಯಲ್ಲಿ, ಅಂದರೆ ಬ್ಯಾಟರಿ ಕೊಡುವ ಏಕಮುಖ ವಿದ್ಯುತ್ತಿನಲ್ಲಿ, 60 ವೋಲ್ಟ್ ದಾಟಿದರೆ ಅದು ಹೈ ವೋಲ್ಟೇಜ್. ವ್ಯಾನ್‌ಗಳ ಮುಖ್ಯ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 300ರಿಂದ 400 ವೋಲ್ಟ್ ಇರುತ್ತದೆ. ಗಾಡಿ ಆಫ್ ಮಾಡಿದ ಮೇಲೂ ಇನ್ವರ್ಟರ್‌ನ ಕೆಪಾಸಿಟರ್‌ಗಳಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರಬಹುದು, ಬ್ಯಾಟರಿಯೊಳಗಂತೂ ಅದು ಸದಾ ಇರುತ್ತದೆ. ತರಬೇತಿ ಪಡೆದವರೂ ಸಹ 1000 ವೋಲ್ಟ್ ತಡೆಯುವ ರಬ್ಬರ್ ಕೈಗವಸು ತೊಟ್ಟು, ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದು, ಬೇರೆ ಯಾರೂ ಅದನ್ನು ಮರಳಿ ಹಾಕದಂತೆ ಬೀಗ ಹಾಕಿ, ತಯಾರಕರು ಹೇಳಿದಷ್ಟು ನಿಮಿಷ ಕಾದು, ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಕೈ ಹಾಕುತ್ತಾರೆ. ಆ ಮೀಟರನ್ನು ಅಳತೆಗೆ ಮೊದಲೂ ಆಮೇಲೂ ವಿದ್ಯುತ್ ಇರುವುದು ಖಚಿತವಾಗಿರುವ ಇನ್ನೊಂದು ಜಾಗದಲ್ಲಿ ಪರೀಕ್ಷಿಸುತ್ತಾರೆ, ಏಕೆಂದರೆ ಕೆಟ್ಟುಹೋದ ಮೀಟರ್ ಕೂಡ ಸೊನ್ನೆಯನ್ನೇ ತೋರಿಸುತ್ತದೆ.

ಗಡಿಯ ಈಚೆ ಉಳಿದಿರುವ ಕೆಲಸವೂ ಕಡಿಮೆಯೇನಿಲ್ಲ. ನನ್ನ ಬಳಿ ಬರುವ ವಿದ್ಯುತ್ ವ್ಯಾನ್‌ಗಳಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿರುವ ಭಾಗವೆಂದರೆ ಬ್ರೇಕ್. ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಮೋಟರೇ ಜನರೇಟರ್‌ನಂತೆ ಕೆಲಸ ಮಾಡಿ ವೇಗ ತಗ್ಗಿಸುವುದರಿಂದ ಬ್ರೇಕ್ ಪ್ಯಾಡ್‌ಗಳು ಬಹಳ ಕಾಲ ಬಾಳುತ್ತವೆ, ನಿಜ. ಆದರೆ ಬಳಕೆಯಿಲ್ಲದ ಡಿಸ್ಕ್‌ಗೆ ತುಕ್ಕು ಹಿಡಿಯುತ್ತದೆ, ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್‌ಗಳು ಬಿಗಿದುಕೊಳ್ಳುತ್ತವೆ, ತುರ್ತಾಗಿ ತುಳಿದ ದಿನ ಒಂದು ಪಕ್ಕದ ಚಕ್ರ ಮಾತ್ರ ಹಿಡಿದು ಗಾಡಿ ಎಳೆಯುತ್ತದೆ. ಪ್ಯಾಡ್ ಇನ್ನೂ ದಪ್ಪವಾಗಿದೆ ಎಂಬ ಕಾರಣಕ್ಕೆ ಬ್ರೇಕ್ ತಪಾಸಣೆಯನ್ನು ಮುಂದೂಡುವುದು ತಪ್ಪು. ವರ್ಷಕ್ಕೊಮ್ಮೆ ಕ್ಯಾಲಿಪರ್ ಬಿಚ್ಚಿ, ಶುಚಿ ಮಾಡಿ, ಪಿನ್‌ಗಳಿಗೆ ಸರಿಯಾದ ಗ್ರೀಸ್ ಹಾಕಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಗಾಡಿ ಎಷ್ಟೇ ಕಡಿಮೆ ಓಡಿದರೂ ಆ ದ್ರವದ ವಯಸ್ಸು ನಿಲ್ಲುವುದಿಲ್ಲವಾದ್ದರಿಂದ ಹೆಚ್ಚಿನ ತಯಾರಕರು ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತಾರೆ.

ಎರಡನೆಯದು 12 ವೋಲ್ಟ್‌ನ ಚಿಕ್ಕ ಬ್ಯಾಟರಿ. ದೊಡ್ಡ ಬ್ಯಾಟರಿಯನ್ನು ಗಾಡಿಗೆ ಜೋಡಿಸುವ ಕಾಂಟ್ಯಾಕ್ಟರ್‌ಗಳು ಮುಚ್ಚಬೇಕಾದರೆ ಈ ಚಿಕ್ಕದರ ವಿದ್ಯುತ್ ಬೇಕು. ದೊಡ್ಡದು ಪೂರ್ತಿ ತುಂಬಿದ್ದರೂ ಚಿಕ್ಕದು ಸೋತಿದ್ದರೆ ಗಾಡಿ ಏಳುವುದಿಲ್ಲ. ಸರಕಿನ ಭಾಗದ ದೀಪ, ಟ್ರ್ಯಾಕರ್, ಮೊಬೈಲ್ ಚಾರ್ಜರ್‌ಗಳನ್ನು ಹೇಗೆಂದರೆ ಹಾಗೆ ಇದಕ್ಕೆ ಜೋಡಿಸಿದರೆ ಬೇಗ ಸೊರಗುತ್ತದೆ.

ಟೈರ್‌ಗಳನ್ನು ಚಾಲಕರೇ ದಿನವೂ ನೋಡಬೇಕು. ಗಾಡಿಯ ತೂಕ ಹೆಚ್ಚು, ಮೋಟರಿನ ಬಲವೋ ನಿಂತಲ್ಲಿಂದಲೇ ಪೂರ್ಣವಾಗಿ ಸಿಗುತ್ತದೆ; ಆದ್ದರಿಂದ ಮುಖ್ಯವಾಗಿ ಮೋಟರ್ ತಿರುಗಿಸುವ ಚಕ್ರಗಳ ಟೈರ್ ಬೇಗ ಸವೆಯುತ್ತದೆ. ಟೈರ್ ತಣ್ಣಗಿರುವಾಗಲೇ ಗಾಳಿ ಅಳೆಯಬೇಕು, ಬದಲಿಸುವಾಗ ಭಾರ ಹೊರುವ ಸೂಚ್ಯಂಕ ಕಡಿಮೆಯಿರುವ ಟೈರ್ ಹಾಕಿಸಬಾರದು. ಜ್ಯಾಕ್ ಕೊಡುವಾಗ ಗುರುತು ಮಾಡಿದ ಜಾಗಕ್ಕೇ ಕೊಡಬೇಕು. ಬ್ಯಾಟರಿಯ ಅಡಿಗೆ ಕೊಟ್ಟರೆ ಕವಚ ನೆಗ್ಗುತ್ತದೆ.

ಕೂಲೆಂಟ್ ಮಟ್ಟವನ್ನು ಚಾಲಕರು ಕಣ್ಣಲ್ಲಿ ನೋಡಲಿ, ಆದರೆ ಕಡಿಮೆಯಾಗಿದೆಯೆಂದು ನಲ್ಲಿಯ ನೀರು ಸುರಿಯದಿರಲಿ. ಬ್ಯಾಟರಿಯ ಸುತ್ತ ಹರಿಯುವ ದ್ರವ ತಯಾರಕರು ಹೇಳಿದ್ದೇ ಆಗಿರಬೇಕು, ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಎಸಿಯ ವಿಷಯದಲ್ಲೂ ಒಂದು ಮಾತು: ಹೈ ವೋಲ್ಟೇಜ್ ಕಂಪ್ರೆಸರ್‌ಗಳಿಗೆ ಸಾಮಾನ್ಯವಾಗಿ ಪಿಒಇ ಎಂಬ ವಿದ್ಯುತ್ ನಿರೋಧಕ ಎಣ್ಣೆ ಬೇಕು. ಡೀಸೆಲ್ ಗಾಡಿಗಳಿಗೆ ಬಳಸುವ ಪಿಎಜಿ ಎಣ್ಣೆ ಅದರೊಳಗೆ ಬೆರೆತರೆ ಕಂಪ್ರೆಸರ್‌ನ ಇನ್ಸುಲೇಷನ್ ಹಾಳಾಗಿ, ವಿದ್ಯುತ್ ಸೋರಿಕೆಯ ಎಚ್ಚರಿಕೆ ಬಂದು, ಗಾಡಿ ನಿಂತೇಬಿಡಬಹುದು. ಎಸಿ ಗ್ಯಾಸ್ ತುಂಬಿಸುವ ಮೊದಲು ಇದನ್ನು ಕೇಳಿ ಖಚಿತಪಡಿಸಿಕೊಳ್ಳಿ.

ವೈರಿಂಗ್ ಅನುಭವ

ಚಾರ್ಜಿಂಗ್ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಎಕ್ಸ್‌ಟೆನ್ಷನ್ ವೈರ್ ಬೇಡ, ಒಂದು ರಾತ್ರಿಯ ಮಟ್ಟಿಗೂ ಬೇಡ. ಸಾಮಾನ್ಯ ಸಾಕೆಟ್‌ಗೆ ನಾವು ಹಾಕುವ ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಮುಂತಾದವು ಸ್ವಲ್ಪ ಹೊತ್ತು ಕರೆಂಟ್ ಎಳೆದು ನಿಲ್ಲುತ್ತವೆ. ವ್ಯಾನ್ ಅಷ್ಟೇ ಕರೆಂಟನ್ನು ರಾತ್ರಿಯಿಡೀ ಬಿಡದೆ ಎಳೆಯುತ್ತದೆ. ಸಂಪರ್ಕ ಸಡಿಲವಿರುವ ಜಾಗದಲ್ಲಿ ಹುಟ್ಟುವ ಶಾಖವು ಕರೆಂಟಿನ ವರ್ಗಕ್ಕೆ ಅನುಗುಣವಾಗಿರುತ್ತದೆ, ಅಂದರೆ ಕರೆಂಟ್ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಎಕ್ಸ್‌ಟೆನ್ಷನ್ ಹಾಕಿದಾಗ ಇಂತಹ ಸಂಪರ್ಕಗಳ ಸಂಖ್ಯೆ ಹೆಚ್ಚುತ್ತದೆ, ವೈರನ್ನು ಸುರುಳಿಯಿಂದ ಬಿಡಿಸದೆ ಬಳಸಿದರೆ ಶಾಖ ಹೊರಹೋಗಲು ದಾರಿಯೂ ಇರುವುದಿಲ್ಲ. ವಿಶೇಷವೆಂದರೆ ಇಲ್ಲಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್) ಕಾಪಾಡುವುದಿಲ್ಲ. ಕರೆಂಟ್ ಮಿತಿಯೊಳಗೇ ಇರುವುದರಿಂದ ಅದು ಟ್ರಿಪ್ ಆಗುವುದಿಲ್ಲ, ಸಾಕೆಟ್ ಮಾತ್ರ ಸದ್ದಿಲ್ಲದೆ ಕರಗುತ್ತಿರುತ್ತದೆ. ಪ್ಲಗ್ಗಿನ ಸುತ್ತ ಕಂದು ಬಣ್ಣ, ಸುಟ್ಟ ವಾಸನೆ, ಕೈಯಿಡಲಾಗದಷ್ಟು ಬಿಸಿ ಇವುಗಳಲ್ಲಿ ಯಾವುದು ಕಂಡರೂ ಆ ಸಾಕೆಟ್ ಬಳಕೆಯನ್ನು ಅಂದೇ ನಿಲ್ಲಿಸಬೇಕು.

ಗೋಡೆಯ ಚಾರ್ಜರ್ ಬರುವವರೆಗೆ ಬೇರೆ ದಾರಿಯೇ ಇಲ್ಲವಾದರೆ, ಮುಖ್ಯ ಬೋರ್ಡಿನಿಂದ ನೇರವಾಗಿ ಎಳೆದ ಪ್ರತ್ಯೇಕ ಲೈನ್‌ನಲ್ಲಿ, ತಕ್ಕ ದಪ್ಪದ ತಾಮ್ರದ ವೈರ್ ಮತ್ತು ಒಳ್ಳೆಯ ಅರ್ಥಿಂಗ್ ಇರುವ ಕೈಗಾರಿಕಾ ದರ್ಜೆಯ ಸಾಕೆಟ್ ಹಾಕಿಸಿ, ಕರೆಂಟನ್ನು ಕಡಿಮೆ ಮಟ್ಟಕ್ಕೆ ಇಳಿಸಿ ಚಾರ್ಜ್ ಮಾಡಿ. ವಿದ್ಯುತ್ ಸೋರಿಕೆಯಾದೊಡನೆ ಲೈನ್ ಕಡಿಯುವ ಆರ್‌ಸಿಡಿ ಇರಲೇಬೇಕು. ವಾಹನದ ಚಾರ್ಜರ್‌ನಿಂದ ಡಿಸಿ ಸೋರಿಕೆಯಾದರೆ ಸಾಮಾನ್ಯ ಆರ್‌ಸಿಡಿ ಮಂಕಾಗಿ ಕೆಲಸ ಮಾಡದೇ ಹೋಗಬಹುದು. ಆದ್ದರಿಂದ ಬಿ ಮಾದರಿಯದ್ದು ಅಥವಾ 6 ಮಿಲಿಆಂಪಿಯರ್ ಡಿಸಿ ಸೋರಿಕೆಯನ್ನು ಪತ್ತೆಹಚ್ಚುವ ವ್ಯವಸ್ಥೆಯಿರುವ ಚಾರ್ಜರ್ ಜೊತೆಗೆ ಎ ಮಾದರಿಯದ್ದು ಬೇಕು.

ಮಳೆಗೆ ಅಷ್ಟು ಹೆದರಬೇಕಾಗಿಲ್ಲ. ಗಾಡಿ ಮತ್ತು ಚಾರ್ಜರ್ ಪರಸ್ಪರ ಸಂಕೇತ ವಿನಿಮಯ ಮಾಡಿಕೊಂಡು ಎಲ್ಲವೂ ಸರಿಯಿದೆ ಎಂದಾದ ಮೇಲೆಯೇ ಗನ್ನಿನ, ಅಂದರೆ ಗಾಡಿಗೆ ಸಿಕ್ಕಿಸುವ ಕೇಬಲ್ ತುದಿಯ, ಪಿನ್‌ಗಳಿಗೆ ವಿದ್ಯುತ್ ಬರುತ್ತದೆ. ಆದರೆ ಗೋಡೆಯ ಸಾಕೆಟ್ ಮಳೆಗೆ ತೆರೆದಿರಬಾರದು, ಗನ್ ನೀರಿನಲ್ಲಿ ಬಿದ್ದಿರಬಾರದು, ಪಿನ್‌ಗಳಲ್ಲಿ ಮಣ್ಣು ಅಥವಾ ಹಸಿರು ಕಿಲುಬು ಕಂಡರೆ ಅದನ್ನು ಸಿಕ್ಕಿಸಬಾರದು.

ದೂರದ ದಾರಿ

ನಾನು ಚಾಲಕ. ಮೇಲಿನವರು ಹೇಳದೆ ಉಳಿದ ಕೆಲವನ್ನು ಸೇರಿಸುತ್ತೇನೆ.

ಈ ಗಾಡಿಯಲ್ಲಿ ಎಂಜಿನ್ ಸದ್ದಿಲ್ಲವಾದ್ದರಿಂದ ಅದು ಹೊರಡಲು ಸಿದ್ಧವಾಗಿದೆಯೋ ಆಫ್ ಆಗಿದೆಯೋ ಎಂಬುದು ಕಿವಿಗೆ ತಿಳಿಯುವುದಿಲ್ಲ. ಸರಕು ಇಳಿಸುವ ಅವಸರದಲ್ಲಿ ಸಿದ್ಧ ಸ್ಥಿತಿಯಲ್ಲೇ ಬಿಟ್ಟು ಇಳಿದರೆ, ಒಳಗೆ ಬಾಗಿದವರ ಕಾಲು ಪೆಡಲ್‌ಗೆ ತಗುಲಿದರೂ ಗಾಡಿ ಚಲಿಸಬಹುದು. ಪಾರ್ಕಿಂಗ್ ಬ್ರೇಕ್ ಹಾಕಿ, ಪಿ ಒತ್ತಿ, ಆಫ್ ಮಾಡಿ, ಫಲಕದಲ್ಲಿ ಸಿದ್ಧ ಎಂಬ ದೀಪ ಆರಿದ್ದನ್ನು ಕಣ್ಣಾರೆ ನೋಡಿಯೇ ಇಳಿಯಬೇಕೆಂದು ನಿಮ್ಮ ಪಟ್ಟಿಯಲ್ಲಿ ದಯವಿಟ್ಟು ಬರೆಯಿರಿ. ಪಾದಚಾರಿಗಳಿಗೆ ಕೇಳಲೆಂದು ಹೊರಡಿಸುವ ಸದ್ದು ಅನೇಕ ಮಾದರಿಗಳಲ್ಲಿ ಸುಮಾರು 20 ಕಿಲೋಮೀಟರ್ ವೇಗದವರೆಗೆ ಮಾತ್ರ ಇರುತ್ತದೆ, ಗದ್ದಲದ ಜಾಗದಲ್ಲಿ ಅದೂ ಕೇಳಿಸುವುದಿಲ್ಲ. ಹಿಂದಕ್ಕೆ ತೆಗೆಯುವಾಗ ಮಕ್ಕಳು, ಹಿರಿಯರು ತಾವಾಗಿ ಸರಿಯುತ್ತಾರೆಂದು ಎಣಿಸಲೇಬಾರದು.

ಇನ್ನೊಂದು, ಬ್ಯಾಟರಿ ಪೂರ್ತಿ ತುಂಬಿರುವಾಗ ಅಥವಾ ತುಂಬಾ ತಣ್ಣಗಿರುವಾಗ ಮೋಟರ್ ಬ್ರೇಕಿನ ಹಿಡಿತ ಕಡಿಮೆಯಿರುತ್ತದೆ. ಹಿಂದಿನ ಸಂಜೆ ಕಾಲು ತೆಗೆದೊಡನೆ ನಿಧಾನಿಸುತ್ತಿದ್ದ ಗಾಡಿ ಬೆಳಿಗ್ಗೆ ಇಳಿಜಾರಿನಲ್ಲಿ ಹಾಗೆಯೇ ಜಾರಿಕೊಂಡು ಹೋಗುತ್ತದೆ. ಹೊಸಬರಿಗೆ ಇದನ್ನು ಮೊದಲೇ ಹೇಳಿರಬೇಕು.

ಎಷ್ಟು ಚಾರ್ಜ್ ಮಾಡಬೇಕೆಂಬುದು ಬ್ಯಾಟರಿಯ ಬಗೆಯ ಮೇಲೆ ಹೋಗುತ್ತದೆ. ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಲಿಥಿಯಂ ಬ್ಯಾಟರಿ) ಆದರೆ ದಿನನಿತ್ಯ 80 ಪ್ರತಿಶತದ ಆಸುಪಾಸಿಗೆ ನಿಲ್ಲಿಸಿ, ದೂರ ಹೋಗುವ ದಿನ ಮಾತ್ರ ಪೂರ್ತಿ ತುಂಬಿಸುವುದು ಒಳ್ಳೆಯದು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ) ಆದರೆ ಆಗಾಗ 100ಕ್ಕೆ ಮುಟ್ಟಿಸಬೇಕು. ಅದರ ವೋಲ್ಟೇಜ್ ಬಹುತೇಕ ಒಂದೇ ಮಟ್ಟದಲ್ಲಿರುವುದರಿಂದ, ಪೂರ್ತಿ ತುಂಬಿದಾಗಲೇ ಉಳಿಕೆಯ ಲೆಕ್ಕ ಸರಿಹೋಗುತ್ತದೆ.

ಸಾಗಣೆ ಉಸ್ತುವಾರಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನೆಲಕ್ಕೆ ಬೋಲ್ಟ್ ಹಾಕಿಸುವ ಕೆಲಸವನ್ನು ನಿಲ್ಲಿಸಿದ್ದೇನೆ, ಬಾಡಿ ಕೈಪಿಡಿಯನ್ನು ತರಿಸುತ್ತಿದ್ದೇನೆ. ಇನ್ನೊಂದೇ ಪ್ರಶ್ನೆ ಉಳಿದಿದೆ. ಗಾಡಿ ನೀರಿನಲ್ಲಿ ಮುಳುಗಿದರೆ, ಹೊಗೆ ಕಂಡರೆ, ಅಥವಾ ದಾರಿಯಲ್ಲಿ ನಿಂತುಹೋದರೆ ಚಾಲಕರು ಏನು ಮಾಡಬೇಕು?

ಗ್ಯಾರೇಜ್ ಕೆಲಸ

ನೆಲದ ಮಟ್ಟ ದಾಟಿ ನೀರು ಬಂದಿದ್ದರೆ, ಒಣಗಿದ ಮೇಲೂ ಗಾಡಿಯನ್ನು ಆನ್ ಮಾಡಬಾರದು, ಚಾರ್ಜಿಗೆ ಹಾಕಲೇಬಾರದು. ಕಟ್ಟಡ ಮತ್ತು ಇತರ ವಾಹನಗಳಿಂದ ಕನಿಷ್ಠ 15 ಮೀಟರ್ ದೂರದಲ್ಲಿ ಬಯಲಿನಲ್ಲಿ ಇರಿಸಿ ತಪಾಸಣೆಗೆ ಕರೆಸಬೇಕು. ಉಪ್ಪುನೀರಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಅದು ಒಳಗೆ ಬಿಟ್ಟುಹೋದ ಉಪ್ಪಿನ ಪದರದ ಮೂಲಕ ದಿನಗಳ ನಂತರವೂ ಶಾರ್ಟ್ ಆಗಬಹುದು.

ಗಾಡಿಯ ಅಡಿಯಿಂದ ಬುಸುಗುಟ್ಟುವ ಅಥವಾ ಪಟಪಟ ಸಿಡಿಯುವ ಸದ್ದು, ಬಿಳಿಯ ಆವಿ, ರಾಸಾಯನಿಕದಂತಹ ವಾಸನೆ ಬಂದರೆ ಸೆಲ್‌ಗಳು ಕೆಡುತ್ತಿವೆ ಎಂದರ್ಥ. ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ, ಆಫ್ ಮಾಡಿ, ಸರಕಿನ ಆಸೆ ಬಿಟ್ಟು ಗಾಳಿ ಬರುವ ದಿಕ್ಕಿನತ್ತ ದೂರ ಹೋಗಬೇಕು. ಆ ಆವಿಯಲ್ಲಿ ವಿಷಾನಿಲಗಳಿರುತ್ತವೆ. ಅಗ್ನಿಶಾಮಕ ದಳಕ್ಕೆ ಕರೆ ಮಾಡಿದಾಗ ಇದು ವಿದ್ಯುತ್ ವಾಹನ ಎಂದು ಮೊದಲ ವಾಕ್ಯದಲ್ಲೇ ಹೇಳಬೇಕು, ಏಕೆಂದರೆ ಇಂತಹ ಬೆಂಕಿಗೆ ಬಹಳ ನೀರು ಬೇಕು. ಆರಿದಂತೆ ಕಂಡ ಬ್ಯಾಟರಿ ಗಂಟೆಗಳ, ಒಮ್ಮೊಮ್ಮೆ ದಿನಗಳ ನಂತರವೂ ಮತ್ತೆ ಹೊತ್ತಿಕೊಳ್ಳಬಹುದಾದ್ದರಿಂದ ಅದನ್ನು ಶೆಡ್ಡಿನೊಳಗೆ ತರಬಾರದು. ಗಾಡಿಯಲ್ಲಿರುವ ಚಿಕ್ಕ ಅಗ್ನಿಶಾಮಕ ಸಿಲಿಂಡರ್ ಸೀಟಿಗೋ ಸರಕಿಗೋ ಹತ್ತಿದ ಸಣ್ಣ ಬೆಂಕಿಗೆ ಸಾಕು, ಬ್ಯಾಟರಿಯ ಬೆಂಕಿಗೆ ಅದನ್ನು ನಂಬಿ ಹತ್ತಿರ ಹೋಗುವುದು ಬೇಡ.

ಸುಮ್ಮನೆ ಕೆಟ್ಟು ನಿಂತಿದ್ದರೆ ಹಗ್ಗ ಕಟ್ಟಿ ಎಳೆಸಬೇಡಿ. ಚಕ್ರ ತಿರುಗಿದರೆ ಅದಕ್ಕೆ ಸೇರಿದ ಮೋಟರೂ ತಿರುಗಿ ವಿದ್ಯುತ್ ಉತ್ಪಾದಿಸುತ್ತದೆ, ಇನ್ವರ್ಟರ್ ಹಾಳಾಗಬಹುದು. ನಾಲ್ಕೂ ಚಕ್ರ ನೆಲ ಬಿಟ್ಟಿರುವಂತೆ ಹೊತ್ತೊಯ್ಯುವ ಗಾಡಿಯನ್ನೇ ಕಳುಹಿಸಬೇಕೆಂದು ಕರೆ ಮಾಡುವಾಗಲೇ ತಿಳಿಸಿ. ಅದಕ್ಕೂ ಮೊದಲು 12 ವೋಲ್ಟ್ ಬ್ಯಾಟರಿಯನ್ನು ಒಮ್ಮೆ ಅಳೆದು ನೋಡುವುದು ಒಳ್ಳೆಯದು. ಅದೊಂದೇ ಸೋತಿದ್ದರೆ ಕೈಪಿಡಿಯಲ್ಲಿ ತೋರಿಸಿದ ಬಿಂದುಗಳಿಗೆ ಹೊರಗಿನಿಂದ 12 ವೋಲ್ಟ್ ಕೊಟ್ಟು ಎಬ್ಬಿಸಬಹುದು. ಆದರೆ ಈ ವ್ಯಾನಿನಿಂದ ಬೇರೆ ಡೀಸೆಲ್ ಗಾಡಿಯನ್ನು ಸ್ಟಾರ್ಟ್ ಮಾಡಿಸಲು ವೈರ್ ಕೊಡಬಾರದು; ಅಷ್ಟು ಕರೆಂಟ್ ಕೊಡುವುದಕ್ಕೆ ಆ ಚಿಕ್ಕ ಬ್ಯಾಟರಿಯಾಗಲಿ ಅದನ್ನು ಚಾರ್ಜ್ ಮಾಡುವ ಕನ್ವರ್ಟರ್ ಆಗಲಿ ಮಾಡಿದ್ದಲ್ಲ.