‘ಉಲ್ಬಣ’ದ ಬದಲು ‘ಕೆರಳು’ ಎನ್ನಬಹುದೇ?

ಸಿಓಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರು ದಿನವೂ ತಮ್ಮ ಉಸಿರಾಟ ಹೇಗಿದೆ ಎಂದು ಬರೆದಿಡುವ ಮೊಬೈಲ್ ಆ್ಯಪ್‌ಗೆ ಕನ್ನಡದಲ್ಲಿ ಪ್ರಶ್ನೆಗಳನ್ನು ಸಿದ್ಧಪಡಿಸುತ್ತಿದ್ದೇನೆ. ವೈದ್ಯರು ‘ಎಕ್ಸಾಸರ್ಬೇಶನ್’ ಎನ್ನುವುದಕ್ಕೆ ಯಾವ ಪದ ಹಾಕಬೇಕೆಂಬುದು ಬಗೆಹರಿಯುತ್ತಿಲ್ಲ. ಏದುಸಿರು, ಕೆಮ್ಮು, ಕಫ ಕೆಲವೇ ದಿನಗಳಲ್ಲಿ ಎಂದಿಗಿಂತ ಜೋರಾಗುವ ಸ್ಥಿತಿ ಅದು. ಹೆಚ್ಚಾಗಿ ಸೋಂಕಿನಿಂದ, ಕೆಲವೊಮ್ಮೆ ಕೆಟ್ಟ ಗಾಳಿಯಿಂದ ಬರುತ್ತದೆ. ಬೇಗ ಗೊತ್ತಾದರೆ ಚಿಕಿತ್ಸೆಯೂ ಬೇಗ ಶುರುವಾಗುತ್ತದೆ. ದಿನವೂ ಬರೆದಿಡುವುದರ ಮುಖ್ಯ ಉದ್ದೇಶವೇ ಇದು.

ಬರವಣಿಗೆಯಲ್ಲಿ ‘ಉಲ್ಬಣ’ ರೂಢಿಯಲ್ಲಿದೆ. ಆದರೆ ‘ನಿಮ್ಮ ಕಾಯಿಲೆ ಉಲ್ಬಣಿಸಿದೆ’ ಎಂದು ಓದಿದವರು ರೋಗ ಕೈಮೀರಿತೆಂದು ಹೆದರುತ್ತಾರೆ. ಸಿಓಪಿಡಿ ವರ್ಷಗಟ್ಟಲೆ ನಿಧಾನವಾಗಿ ಹೆಚ್ಚುವ ಕಾಯಿಲೆಯೂ ಹೌದಾದ್ದರಿಂದ ಈ ಎರಡು ಬಗೆಯ ಹೆಚ್ಚಳ ಒಂದೇ ಪದದಲ್ಲಿ ಬೆರೆತುಹೋಗಬಾರದು. ‘ಮರುಕಳಿಸು’ ಸಲ್ಲದು, ಏಕೆಂದರೆ ಕಾಯಿಲೆ ಬಿಟ್ಟುಹೋಗಿರುವುದೇ ಇಲ್ಲ. ನನ್ನ ಒಲವು ‘ಕೆರಳು’ ಕಡೆಗೆ. ಹುಣ್ಣು ಕೆರಳಿತು, ಕೆಮ್ಮು ಕೆರಳಿತು ಎನ್ನುತ್ತೇವಲ್ಲ. ಇದ್ದದ್ದೇ ದಿಢೀರನೆ ಏರಿತು, ಮತ್ತೆ ತಣಿಯಲೂಬಹುದು ಎಂಬ ಸೂಚನೆ ಅದರಲ್ಲಿದೆ. ‘ಉಸಿರಿನ ತೊಂದರೆ ಕೆರಳಿದೆ’ ಎಂದರೆ ನಿಮ್ಮ ಕಿವಿಗೆ ಸಹಜವೇ?

ಇನ್ನೊಂದು ತೊಡಕು ಏದುಸಿರಿನದು. ‘ಉಬ್ಬಸ’ ಎಂದರೆ ಬಹಳಷ್ಟು ಜನರಿಗೆ ಆಸ್ತಮಾವೇ. ‘ಉಸಿರಾಟದ ತೊಂದರೆ ಇದೆಯೇ?’ ಎಂದು ಕೇಳಿದರೆ ಈ ರೋಗಿಗಳಿಂದ ದಿನವೂ ‘ಹೌದು’ ಎಂಬ ಉತ್ತರವೇ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಹಾಗಾಗಿ ‘ಎಂದಿಗಿಂತ ಇವತ್ತು ಏದುಸಿರು ಹೆಚ್ಚೇ?’ ಎಂದು ಬರೆದಿದ್ದೇನೆ. ಆದರೆ ಏದುಸಿರು ಎಂದಕೂಡಲೇ ಓಡಿ ಬಂದವರ, ಮೆಟ್ಟಿಲು ಹತ್ತಿದವರ ಚಿತ್ರ ಬರುತ್ತದೆ. ಉಸಿರು ಸಾಲದಿರುವುದು ಎಷ್ಟಿದೆ ಎಂದು ಅಳೆಯಲು ವೈದ್ಯರು ಬಳಸುವ 0ರಿಂದ 4ರವರೆಗಿನ ಎಂಎಂಆರ್‌ಸಿ ಅಳತೆಯಲ್ಲಿ 4 ಎಂದರೆ ಬಟ್ಟೆ ಹಾಕಿಕೊಳ್ಳುವಾಗಲೂ ಉಸಿರು ಸಾಲದಿರುವುದು. ಅದಕ್ಕೂ ಏದುಸಿರು ಎನ್ನುತ್ತೀರಾ, ಅಥವಾ ನಿಮ್ಮ ಕಡೆ ‘ದಮ್ಮು ಕಟ್ಟುವುದು’ ಹೆಚ್ಚು ಬಳಕೆಯಲ್ಲಿದೆಯೇ?

ಕೊನೆಯದಾಗಿ, ‘ಇನ್ಹೇಲರ್ ತೆಗೆದುಕೊಳ್ಳಿ’ ಎಂಬ ನೆನಪೋಲೆ. ಕೈಗೆ ತೆಗೆದುಕೊಳ್ಳುವುದೋ, ಔಷಧವನ್ನು ಒಳಗೆಳೆದುಕೊಳ್ಳುವುದೋ? ಸ್ಪ್ರೇ ಬಗೆಯದನ್ನು ನಿಧಾನವಾಗಿ, ಪುಡಿಯ ಬಗೆಯದನ್ನು ರಭಸವಾಗಿ ಎಳೆಯಬೇಕು. ‘ಎಳೆದುಕೊಳ್ಳಿ’ ಎಂದೇ ಬರೆಯೋಣವೆಂದಿದ್ದೇನೆ. ‘ಸೇದಿ’ ಬೇಡ, ಅದು ಬೀಡಿ ಸಿಗರೇಟಿನ ಪದ. ಮನೆಯಲ್ಲಿ ಇಂಥ ರೋಗಿಗಳನ್ನು ನೋಡಿಕೊಳ್ಳುವವರು ಏನನ್ನುತ್ತಾರೆಂದು ಬಲ್ಲವರು ದಯವಿಟ್ಟು ತಿಳಿಸಿ.