‘ಹೊಡೆಯಬೇಡಿ’, ‘ನಿಲ್ಲಿಸಿ’: ಗುರಿ ಅಭ್ಯಾಸದ ಅಂಗಳಕ್ಕೆ ತಕ್ಕ ಮಾತು ಯಾವುದು?

ಮಾನ್ಯರೇ,

ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ಕಡೆಗಳಲ್ಲಿ, ಬೇಟೆಗಾರರು ಕಾಡಿಗೆ ಇಳಿಯುವ ಮುನ್ನ ಕೈ ಪಳಗಿಸಿಕೊಳ್ಳಲೆಂದು, ಕಾಲುಹಾದಿಯುದ್ದಕ್ಕೂ ಪ್ರಾಣಿಗಳ ಆಕಾರದ ಹಲಗೆಗಳನ್ನು ನೆಟ್ಟು ಅಭ್ಯಾಸದ ಅಂಗಳವನ್ನು ಸಿದ್ಧಪಡಿಸುವುದುಂಟು. ಅಂಥ ಅಂಗಳದ ಸುರಕ್ಷತಾ ಸೂಚನೆಗಳನ್ನು ಕನ್ನಡದಲ್ಲಿ ಬರೆಯುತ್ತಿರುವ ನನಗೆ ಕೆಲವು ಪದಗಳ ವಿಷಯದಲ್ಲಿ ಬಲ್ಲವರ ನೆರವು ಬೇಕಾಗಿದೆ.

‘ಗುರಿ ಇಡು’ ಎಂದಾಗ ಗುರಿ ಎಂಬುದು ಕಣ್ಣು-ಕೈಗಳ ಕೆಲಸ; ‘ಗುರಿಗೆ ತಗುಲಿತು’ ಎಂದಾಗ ಅದು ಎದುರಿಗಿರುವ ವಸ್ತು. ಮಾತಿನಲ್ಲಿ ಇದರಿಂದ ತೊಡಕಿಲ್ಲ. ಆದರೆ ‘ಗುರಿಯನ್ನೂ ಅದರ ಆಚೆಗಿರುವುದನ್ನೂ ಖಚಿತಪಡಿಸಿಕೊಂಡೇ ಗುಂಡು ಹಾರಿಸಬೇಕು’ ಎಂಬ ಮೂಲ ನಿಯಮವನ್ನು ಹೊಸಬನೊಬ್ಬ ‘ನನ್ನ ಗುರಿ ನೇರವಾಗಿದ್ದರೆ ಸಾಕು’ ಎಂದು ಓದಿಕೊಂಡರೆ ಅನರ್ಥವಾಗುತ್ತದೆ, ಏಕೆಂದರೆ .22ರಂಥ ಸಣ್ಣ ಗುಂಡು ಕೂಡ ಒಂದೂವರೆ ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ಆದ್ದರಿಂದ ವಸ್ತುವಿಗೆ ‘ಗುರಿಹಲಗೆ’ ಎಂದೇ ಬರೆದಿದ್ದೇನೆ. ‘ಈಡು’ ನನಗೆ ಪ್ರಿಯವಾದ ಪದವಾದರೂ, ಅದು ಹೊಡೆತಕ್ಕೂ ಸಲ್ಲುವುದರಿಂದ ಕೈಬಿಟ್ಟೆ. ಹಲಗೆಯ ಹಿಂದೆ ಗುಂಡನ್ನು ನುಂಗಿಕೊಳ್ಳಲು ಹಾಕುವ, ಕಲ್ಲಿಲ್ಲದ ಮಣ್ಣಿನ ರಾಶಿಗೆ ‘ಒಡ್ಡು’ ಸಾಕೆಂದು ತೋರುತ್ತದೆ. ‘ಬದು’ ಎಂದರೆ ಮೊಣಕಾಲೆತ್ತರದ್ದು ಕಣ್ಣಿಗೆ ಬರುತ್ತದೆ. ಸರಕಾರ ಕೊಡುವುದಕ್ಕೆ ‘ಪರವಾನಗಿ’, ಜಮೀನಿನ ಒಡೆಯರು ಕೊಡುವುದಕ್ಕೆ ‘ಒಪ್ಪಿಗೆ’ ಎಂದು ಬೇರ್ಪಡಿಸಿದ್ದೇನೆ.

ನಿಜವಾಗಿ ಕಾಡುತ್ತಿರುವುದು ತಡೆಯುವ ಕೂಗು. ಅಂಗಳದಲ್ಲಿ ಯಾರಿಗಾದರೂ ಅಪಾಯ ಕಂಡೊಡನೆ ಅವರು ಕೂಗಬೇಕು, ಎಲ್ಲರೂ ಆ ಕ್ಷಣವೇ ಬೆರಳನ್ನು ಕೋವಿಯ ಕುದುರೆಯಿಂದ (ಟ್ರಿಗರ್‌ನಿಂದ) ತೆಗೆದು, ನಳಿಗೆಯನ್ನು ಒಡ್ಡಿನ ಕಡೆಗೇ ಇಟ್ಟುಕೊಂಡು ಸುಮ್ಮನಾಗಬೇಕು. ಕನ್ನಡದಲ್ಲಿ ನಿಷೇಧ ಬರುವುದು ಪದದ ಕೊನೆಗೆ. ಕಿವಿಗೆ ರಕ್ಷಣೆ ಹಾಕಿಕೊಂಡಿರುವವರಿಗೆ ‘ಹೊಡೆಯಬೇಡಿ’ ಎಂಬುದರ ಬಾಲ ಕೇಳಿಸದೆ ತಲೆ ಮಾತ್ರ ಕೇಳಿಸಿದರೆ, ತಡೆಯಬೇಕಾದ ಮಾತೇ ಅಪ್ಪಣೆಯಾಗಿಬಿಡುತ್ತದೆ! ‘ನಿಲ್ಲಿಸಿ’ ಎನ್ನೋಣವೆಂದರೆ, ಅದೇ ಅಂಗಳದಲ್ಲಿ ‘ಹಲಗೆ ನಿಲ್ಲಿಸಿ’ ಎಂಬ ಮಾತು ದಿನವಿಡೀ ಓಡಾಡುತ್ತಿರುತ್ತದೆ. ‘ಕೋವಿ ಇಳಿಸಿ’ ಎಂದರೆ ಕೆಲವರು ನಳಿಗೆಯನ್ನು ಪಕ್ಕದವರ ಕಾಲಿನತ್ತ ತಿರುಗಿಸಿಯಾರು.

ಸದ್ಯಕ್ಕೆ ‘ತಡೆ! ತಡೆ!’ ಎಂದು ಬರೆದಿದ್ದೇನೆ: ಎರಡೇ ಅಕ್ಷರ, ಮೊದಲ ಅಕ್ಷರದಲ್ಲೇ ‘ಹೊಡೆ’ಯಿಂದ ಬೇರೆಯಾಗುತ್ತದೆ. ಆದರೂ ‘ಡೆ’ ಎರಡರಲ್ಲೂ ಉಳಿಯುವುದು ನನಗೆ ನೆಮ್ಮದಿ ಕೊಡುತ್ತಿಲ್ಲ. ಕೋವಿ ಹಿಡಿದು ಗೊತ್ತಿರುವವರು, ಅಥವಾ ಆಟದ ಬಯಲಿನಲ್ಲೋ ಕೆಲಸದ ತಾಣದಲ್ಲೋ ದೂರದವರನ್ನು ಥಟ್ಟನೆ ತಡೆಯಲು ಕೂಗಿ ಅಭ್ಯಾಸವಿರುವವರು, ತಮ್ಮ ಬಾಯಲ್ಲಿ ತಾನಾಗಿ ಬರುವ ಮಾತು ಯಾವುದೆಂದು ದಯವಿಟ್ಟು ತಿಳಿಸಬೇಕು.